ಮಾರುವಾಗ ಕನ್ನಡ, ಕಲಿಸುವಾಗ ಇಂಗ್ಲಿಷ್

‘ಒಂದು ಫೋನ್ ಇದ್ರೆ ಸಾಕು, ಹಳ್ಳಿ ಹುಡುಗೀನೂ ನ್ಯಾಷನಲ್ ಲಾ ಸ್ಕೂಲ್ ಸೇರಬಹುದು.’ ಕ್ಲ್ಯಾಟ್ ಕೋಚಿಂಗ್ ಆಪ್‌ಗಳು ಮಾರುತ್ತಿರುವ ಸರಕು ಇದೇ. ಕೇಳೋಕೆ ಚೆನ್ನಾಗಿದೆ, ಆದರೆ ಸುಳ್ಳು.

ಮೊದಲು ಪರೀಕ್ಷೆ ಏನು ಕೇಳುತ್ತೆ ನೋಡಿ. 2020ರಲ್ಲಿ ಕ್ಲ್ಯಾಟ್‌ನ ಸ್ವರೂಪವೇ ಬದಲಾಯಿತು. ಈಗ 120 ಪ್ರಶ್ನೆ, 120 ನಿಮಿಷ, ಒಂದು ತಪ್ಪಿಗೆ ಕಾಲು ಅಂಕ ಖೋತಾ. ಹೆಚ್ಚೂ ಕಡಿಮೆ 450 ಪದಗಳ ಗದ್ಯಭಾಗಗಳು, ಅವುಗಳ ಮೇಲೆ ಪ್ರಶ್ನೆಗಳು. ಕಾನೂನಿನ ವಿಭಾಗಕ್ಕೂ ಮೊದಲೇ ಕಾನೂನು ಗೊತ್ತಿರಬೇಕಿಲ್ಲ ಅಂತ ಪರೀಕ್ಷೆ ನಡೆಸುವ ಕನ್ಸಾರ್ಟಿಯಂ ಹೇಳುತ್ತೆ. ನಿಯಮ ಗದ್ಯದಲ್ಲೇ ಇರುತ್ತೆ, ಓದಿ ಅನ್ವಯಿಸಬೇಕು ಅಷ್ಟೆ. ಅಂದರೆ ಇದು ತಾಳ್ಮೆಯಿಂದ ಓದಿ ಅಭ್ಯಾಸ ಇರುವವರ ಪರೀಕ್ಷೆ. ಇದಕ್ಕೆ ಆಪ್ ಕೊಡೋದೇನು? ಲ್ಯಾಟಿನ್ ಸೂತ್ರಗಳ ಫ್ಲ್ಯಾಶ್‌ಕಾರ್ಡು, ಅರ್ಧ ನಿಮಿಷದ ವಿಡಿಯೋ, ರಾತ್ರಿ ಹನ್ನೊಂದಕ್ಕೆ ‘ನಿಮ್ಮ ಸ್ಟ್ರೀಕ್ ಮುರಿಯಲಿದೆ’ ಅನ್ನೋ ನೋಟಿಫಿಕೇಶನ್ನು. ಓದುವ ಪರೀಕ್ಷೆಗೆ ಓದದೇ ತಯಾರಾಗುವ ವ್ಯವಸ್ಥೆ!

ತರೀಕೆರೆ ಹತ್ತಿರದ ನನ್ನ ಅಕ್ಕನ ಮಗಳು ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಥದೊಂದು ಆಪ್‌ನವರು ಅಕ್ಕನಿಗೆ ಫೋನ್ ಮಾಡಿ ಸೊಗಸಾದ ಕನ್ನಡದಲ್ಲಿ ‘ಅಮ್ಮಾ, ನಿಮ್ಮ ಮಗಳ ಭವಿಷ್ಯ’ ಅಂತ ಶುರು ಮಾಡಿದರು. ಕಂತಿನ ಮೇಲೆ ಚಂದಾ ಕಟ್ಟಿದ್ದಾಯ್ತು. ಆ ಕನ್ನಡ ಅಲ್ಲಿಗೇ ಮುಗೀತು. ಪಾಠ, ವಿವರಣೆ, ‘ಡೌಟ್ ಕೇಳಿ’ ಅನ್ನೋ ಬಟನ್ ಹಿಂದಿರುವ ಚಾಟ್‌ಬಾಟ್, ಎಲ್ಲಾ ಇಂಗ್ಲಿಷೇ.

ಒಂದು ಭಾನುವಾರ ಅವಳು ಕರಾರು ಕಾನೂನಿನ ಒಂದು ಗದ್ಯಭಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ‘ಕನ್ಸಿಡರೇಶನ್’ ಅನ್ನೋ ಪದಕ್ಕೆ ಅವಳಿಗೆ ಗೊತ್ತಿದ್ದ ಅರ್ಥ ‘ಪರಿಗಣನೆ’. ಆ ಅರ್ಥ ಹಿಡಿದುಕೊಂಡು ಐದೂ ಪ್ರಶ್ನೆ ತಪ್ಪು ಮಾಡಿದ್ದಳು. ವಿವರಣೆ ಒತ್ತಿದರೆ, ಗದ್ಯಭಾಗದ ಪ್ರಕಾರ ಉತ್ತರ ‘ಸಿ’ ಅಂತ ಬಂತು. “ಮಾಮ, ಯಾಕೆ ‘ಸಿ’ ಅಂತ ಅಲ್ವಾ ನಾನು ಕೇಳಿದ್ದು?” ಅಂದಳು. ನಾನು ಕಂಪನಿಯಲ್ಲಿ ದಿನಾ ಕಾಂಟ್ರಾಕ್ಟ್ ಓದಿ ಹೊಟ್ಟೆ ಹೊರೆಯೋನು. “ಅದು ಪರಿಗಣನೆ ಅಲ್ಲ ಪುಟ್ಟಿ, ಪ್ರತಿಫಲ. ಬರೀ ಬಾಯಿಮಾತಿಗೆ ಕಾನೂನು ಸಾಮಾನ್ಯವಾಗಿ ನಿಲ್ಲಲ್ಲ. ಇತ್ತಿಂದ ಒಂದು ಹೋದರೆ ಅತ್ತಿಂದ ಒಂದು ಬರಬೇಕು” ಅಂದೆ. ಅರೆಕ್ಷಣ ಯೋಚಿಸಿ, “ಅಪ್ಪ ಅಡಿಕೆ ತೋಟ ಚೇಣಿಗೆ ಕೊಟ್ಟು ದುಡ್ಡು ತಗೊಂಡ ಹಾಗಾ?” ಅಂದಳು. ಹಾಗೇ. ಅದೇ ಗದ್ಯ ಮತ್ತೆ ಮಾಡಿಸಿದೆ, ಐದರಲ್ಲಿ ನಾಲ್ಕು ಸರಿ. ಅವಳ ಬುದ್ಧಿಗೇನೂ ಆಗಿರಲಿಲ್ಲ. ಒಂದು ಕನ್ನಡ ಪದದ ಕೊರತೆ ಇತ್ತು, ಅದನ್ನು ಕೊಡೋಕೆ ಆ ಆಪ್‌ಗೆ ಬರಲಿಲ್ಲ.

‘ಪರೀಕ್ಷೆಯೇ ಇಂಗ್ಲಿಷಲ್ಲಿದೆಯಲ್ಲ, ಆಪ್ ಏನು ಮಾಡುತ್ತೆ’ ಅಂತೀರಿ. ಹೌದು, ಅದೂ ತಕರಾರಿನ ವಿಷಯವೇ. ಡಾಕ್ಟರಾಗೋಕೆ ಬರೆಯುವ ನೀಟ್, ಎಂಜಿನಿಯರಾಗೋಕೆ ಬರೆಯುವ ಜೆಇಇ ಮೇನ್, ಎರಡೂ ಕನ್ನಡ ಸೇರಿ 13 ಭಾಷೆಗಳಲ್ಲಿ ನಡೆಯುತ್ತವೆ. ವಕೀಲರಾಗೋಕೆ ಮಾತ್ರ 17ನೇ ವಯಸ್ಸಿಗೇ ಇಂಗ್ಲಿಷ್ ಅರೆದು ಕುಡಿದಿರಬೇಕಂತೆ. ಇದನ್ನು ಪ್ರಶ್ನಿಸಿದ ಅರ್ಜಿ 2023ರಲ್ಲಿ ದೆಹಲಿ ಹೈಕೋರ್ಟ್‌ವರೆಗೂ ಹೋಗಿತ್ತು. ಹೈಕೋರ್ಟ್ ಭಾಷೆ ಇಂಗ್ಲಿಷ್, ಸಂವಿಧಾನದ 348ನೇ ವಿಧಿಯೇ ಹೇಳುತ್ತೆ, ಒಪ್ಪೋಣ. ಅದಕ್ಕೇ ತಾನೆ ಐದು ವರ್ಷದ ಕೋರ್ಸು? ತರೀಕೆರೆ ಕೋರ್ಟಿನ ಕಟಕಟೆಯಲ್ಲಿ ನಿಂತ ರೈತ ಸಾಕ್ಷಿ ಹೇಳೋದು ಕನ್ನಡದಲ್ಲಿ. ಅದನ್ನು ಅರ್ಥ ಮಾಡಿಕೊಳ್ಳುವ ಯೋಗ್ಯತೆಗೆ ಈ 120 ಪ್ರಶ್ನೆಗಳಲ್ಲಿ ಎಷ್ಟು ಅಂಕ?

ಇನ್ನು ‘ಆನ್‌ಲೈನ್ ಅಂದ್ರೆ ಎಲ್ಲರಿಗೂ ಸಮಾನ’ ಅನ್ನೋ ಮಾತು. 2020ರ ಸೆಪ್ಟೆಂಬರಿನಲ್ಲಿ ನಮ್ಮ ನಾಗರಭಾವಿಯ ಲಾ ಸ್ಕೂಲೇ ಕ್ಲ್ಯಾಟ್ ಬಿಟ್ಟು, ಮನೆಯಲ್ಲೇ ಕೂತು ಬರೆಯುವ ತನ್ನದೇ ಆನ್‌ಲೈನ್ ಪರೀಕ್ಷೆ ಮಾಡಿತ್ತು. ಅದೇ ತಿಂಗಳ 21ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮನೆಯಲ್ಲಿ ಕಂಪ್ಯೂಟರ್, ಕಡಿಯದ ಇಂಟರ್‌ನೆಟ್ ಇಲ್ಲದ ಮಕ್ಕಳ ಪಾಡೇನು ಅನ್ನೋ ಪ್ರಶ್ನೆ ಅವತ್ತೇ ಎದ್ದಿತ್ತು. ಆ ಮಕ್ಕಳೇ ಈಗ ಈ ಆಪ್‌ಗಳ ಜಾಹೀರಾತಿನ ಪೋಸ್ಟರ್ ಮುಖ.

ಆಪ್‌ಗಳೇ ಬೇಡ ಅನ್ನೋ ಹಟ ನನ್ನದಲ್ಲ. ಗಡಿಯಾರ ಇಟ್ಟು ಅಣಕು ಪರೀಕ್ಷೆ ಬರೆಯೋಕೆ ಅವು ಖಂಡಿತ ಉಪಯೋಗ. ಆದರೆ ಇದನ್ನು ಓದುತ್ತಿರುವ ನಿಮ್ಮಲ್ಲೇ ಕೆಲವರು ಇಂಥ ಆಪ್‌ಗಳಿಗೆ ಕೋಡ್ ಬರೀತೀರಿ, ಸ್ಟ್ರೀಕ್ ಡಿಸೈನ್ ಮಾಡ್ತೀರಿ, ನೋಟಿಫಿಕೇಶನ್‌ಗೆ ಸಾಲು ಹೊಸೆಯುತ್ತೀರಿ. ಫೀಸು ವಸೂಲಿ ಮಾಡೋಕೆ ಕನ್ನಡ ಬಲ್ಲವರನ್ನು ಹುಡುಕಿ ಕೂರಿಸಿದ ಕಂಪನಿಗೆ, ವಿವರಣೆ ಬರೆಯೋಕೆ ಒಬ್ಬ ಕನ್ನಡದ ವಕೀಲ ಸಿಗಲ್ವಾ? ಮುಂದಿನ ಮೀಟಿಂಗಲ್ಲಿ ಕೇಳಿ. ಬಜೆಟ್ ಇಲ್ಲ ಅಂತಾರೆ. ಹಾಗಾದ್ರೆ ಅಕ್ಕನಿಗೆ ಆ ಫೋನ್ ಮಾಡಿಸಿದ್ದು ಯಾವ ಬಜೆಟ್ಟಲ್ಲಿ ಅಂತಲೂ ಕೇಳಿ.