ಯಂತ್ರಕ್ಕೆ ಕರ್ಮಬಂಧವಿಲ್ಲ

ಜಗತ್ತಿನಲ್ಲಿ ಸಾಣೆಗೊಳ್ಳುವ ಪ್ರತಿ 10 ವಜ್ರಗಳಲ್ಲಿ ಸುಮಾರು 9 ಭಾರತದಲ್ಲಿ, ಅವುಗಳಲ್ಲಿಯೂ ಬಹುಪಾಲು ಗುಜರಾತಿನ ಸೂರತ್ ನಗರದಲ್ಲಿ ಸಿದ್ಧವಾಗುತ್ತವೆ. ಈ ವ್ಯಾಪಾರವನ್ನು ಮುಂಬಯಿಯಲ್ಲಿಯೂ ಬೆಲ್ಜಿಯಮ್ಮಿನ ಆಂಟ್‌ವರ್ಪಿನಲ್ಲಿಯೂ ಬೆಳೆಸಿದವರಲ್ಲಿ ಪಾಲನಪುರದ ಜೈನ ಮನೆತನಗಳು ಅಗ್ರಗಣ್ಯವಾದವು. ಪ್ರಾಣಿಹಿಂಸೆಗೆ ಆಸ್ಪದ ಕಡಿಮೆಯಿರುವ ವೃತ್ತಿಯೆಂದು ರತ್ನವ್ಯಾಪಾರವು ಶ್ರಾವಕರಿಗೆ ಬಹುಕಾಲದಿಂದ ಸಮ್ಮತವಾಗಿದೆ. ಆದುದರಿಂದ ಆ ಕಾರ್ಖಾನೆಗಳಿಗೆ ಕಾಲಿಟ್ಟಿರುವ ಸ್ವಯಂಚಾಲನೆ ಮತ್ತು ಕೃತಕ ಬುದ್ಧಿಮತ್ತೆಯ ಪ್ರಶ್ನೆಯನ್ನು ಲಾಭನಷ್ಟದ ತಕ್ಕಡಿಯಲ್ಲಿ ಮಾತ್ರ ತೂಗುವುದು ಜೈನ ಸಮಾಜಕ್ಕೆ ಶೋಭಿಸದು.

ಹಿಂದೆ ಕಚ್ಚಾ ಹರಳನ್ನು ಎಲ್ಲಿ ಸೀಳಬೇಕೆಂಬುದನ್ನು ಅನುಭವಿಯಾದ ಕುಶಲಕರ್ಮಿಯು ಭೂತಗನ್ನಡಿಯಲ್ಲಿ ನೋಡಿ ಶಾಯಿಯಿಂದ ಗುರುತಿಸುತ್ತಿದ್ದನು. ಕಾಗದದಷ್ಟು ತೆಳುವಾದ ಕಂಚಿನ ಗರಗಸವು ಅದನ್ನು ಗಂಟೆಗಟ್ಟಲೆ ಕೊಯ್ಯುತ್ತಿತ್ತು. ಇಂದು ಆ ಕೆಲಸವನ್ನು ಲೇಸರ್ ಕಿರಣ ಮಾಡುತ್ತದೆ. ಇಸ್ರೇಲಿನ ಸರೀನ್ ಮೊದಲಾದ ಸಂಸ್ಥೆಗಳ ಯಂತ್ರಗಳು ಹರಳಿನೊಳಗಿನ ದೋಷಗಳ ನಕ್ಷೆ ತೆಗೆದು, ಯಾವ ಆಕಾರದಲ್ಲಿ ಕತ್ತರಿಸಿದರೆ ಹೆಚ್ಚು ಬೆಲೆ ಬರುವುದೆಂದು ಲೆಕ್ಕಹಾಕಿ ತಿಳಿಸುತ್ತವೆ. ವಜ್ರದ ನಿರ್ಮಲತೆಯ ದರ್ಜೆಯನ್ನು ಕೃತಕ ಬುದ್ಧಿಮತ್ತೆಯಿಂದ ನಿರ್ಣಯಿಸುವ ವ್ಯವಸ್ಥೆಯನ್ನು ಅಮೆರಿಕದ ರತ್ನಪರೀಕ್ಷಾ ಸಂಸ್ಥೆಯಾದ ಜಿ.ಐ.ಎ. 2020ರಲ್ಲಿ ಐ.ಬಿ.ಎಂ. ಸಹಯೋಗದೊಡನೆ ಪ್ರಕಟಿಸಿತು.

ಯಂತ್ರವು ದೂಷ್ಯವಲ್ಲ. ಅದರಿಂದ ಹರಳು ವ್ಯರ್ಥವಾಗುವುದು ತಗ್ಗಿದೆ. ಕಣ್ಣಿನ ಶ್ರಮವೂ ತಗ್ಗಿದೆ. ದೂಷ್ಯವಾದುದು ಯಂತ್ರದ ಹೆಸರಿನಲ್ಲಿ ಹೂಡುವ ನೆಪ. “ಕೆಲಸಗಾರನನ್ನು ಯಾರೂ ಹೊರಹಾಕಲಿಲ್ಲ, ಹೊಸ ವ್ಯವಸ್ಥೆಗೆ ಅವನು ಬೇಕಾಗಲಿಲ್ಲ” ಎಂಬ ಮಾತು ಲೆಕ್ಕಪತ್ರದಲ್ಲಿ ಸಲ್ಲಬಹುದು, ಧರ್ಮದಲ್ಲಿ ಸಲ್ಲದು. ಕರ್ಮವು ಕೃತದಿಂದ ಮಾತ್ರ ಬರುವುದಲ್ಲ. ಕಾರಿತದಿಂದಲೂ ಅನುಮೋದನೆಯಿಂದಲೂ ಬರುತ್ತದೆ. ಯಂತ್ರಕ್ಕೆ ಜೀವವಿಲ್ಲ, ಕಷಾಯವಿಲ್ಲ. ಆದುದರಿಂದ ಕರ್ಮಬಂಧವೂ ಇಲ್ಲ. ಅದನ್ನು ತರಿಸಿದವನಿಗೆ ಇದೆ. ಅದರ ಲಾಭಾಂಶವನ್ನು ಸಂತೋಷದಿಂದ ಎಣಿಸಿಕೊಂಡ ಪಾಲುದಾರನಿಗೂ ಇದೆ.

ಸೂರತ್ತಿನ ಕುಶಲಕರ್ಮಿಗಳಲ್ಲಿ ಹೆಚ್ಚಿನವರು ಸೌರಾಷ್ಟ್ರದ ಹಳ್ಳಿಗಳಿಂದ ಬಂದವರು, ಹರಳಿನ ಲೆಕ್ಕದಲ್ಲಿ ಕೂಲಿ ಪಡೆಯುವವರು. ಅನೇಕರಿಗೆ ಭವಿಷ್ಯನಿಧಿಯಿಲ್ಲ, ನೇಮಕದ ಪತ್ರವೂ ಇಲ್ಲ. 2008ರ ಜಾಗತಿಕ ಕುಸಿತದಲ್ಲಿ ಸಹಸ್ರಾರು ಜನ ಕೆಲಸ ಕಳೆದುಕೊಂಡು ಊರಿಗೆ ಮರಳಿದರು. 2024ರಲ್ಲಿ ರಷ್ಯದ ವಜ್ರಗಳ ಮೇಲಿನ ನಿರ್ಬಂಧ, ಚೀನದಲ್ಲಿ ಕುಗ್ಗಿದ ಬೇಡಿಕೆ, ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರಗಳ ಪೈಪೋಟಿ ಒಟ್ಟಿಗೆ ಎರಗಿದಾಗ ಆತ್ಮಹತ್ಯೆಗಳು ವರದಿಯಾದವು. ಕಾರ್ಮಿಕ ಸಂಘವು ಸಹಾಯವಾಣಿಯನ್ನು ತೆರೆಯಬೇಕಾಯಿತು. ಈ ವಿಪತ್ತುಗಳನ್ನು ತಂದುದು ಯಂತ್ರವಲ್ಲ. ಆದರೆ ಕೆಲಸ ಹೋದ ದಿನ ಇಂಥವರ ಕೈಯಲ್ಲಿ ಏನೂ ಉಳಿಯದೆಂಬುದನ್ನು ಅವು ನಿಚ್ಚಳವಾಗಿ ತೋರಿಸಿಕೊಟ್ಟಿವೆ. ಇದನ್ನು ತಿಳಿದ ಮೇಲೂ ಯಾವ ಏರ್ಪಾಡೂ ಇಲ್ಲದೆ ಕೆಲಸಗಾರರನ್ನು ಕಳುಹಿಸುವ ಮಾಲೀಕನು ಅರಿಯದೆ ಮಾಡಿದೆನೆನ್ನುವಂತಿಲ್ಲ.

ಉದ್ಯೋಗೀ ಹಿಂಸೆ ಗೃಹಸ್ಥನಿಗೆ ಅನಿವಾರ್ಯವೆಂಬ ಆಶ್ರಯವನ್ನು ಕೆಲವರು ಹಿಡಿಯುತ್ತಾರೆ. ಆ ರಿಯಾಯಿತಿಯು ಎಷ್ಟು ಎಚ್ಚರವಹಿಸಿದರೂ ತಪ್ಪಿಸಲಾಗದ ಹಿಂಸೆಗೆ ಸಂಬಂಧಿಸಿದ್ದು. ಯಂತ್ರವನ್ನು ಕೊಳ್ಳುವ ಮುನ್ನವೇ ಎಷ್ಟು ಜನರ ಕೂಲಿ ಉಳಿಯುವುದೆಂದು ಲೆಕ್ಕಹಾಕಿ, ಆ ಉಳಿತಾಯದಿಂದಲೇ ಯಂತ್ರದ ಬೆಲೆಯನ್ನು ತೀರಿಸಲು ನಿಶ್ಚಯಿಸಿದಾಗ ಅದು ಅನಿವಾರ್ಯದ ಎಲ್ಲೆಯನ್ನು ದಾಟಿ ಸಂಕಲ್ಪದ ಸಮೀಪಕ್ಕೆ ಬರುತ್ತದೆ.

ಎರಡನೆಯ ದೋಷ ಅದತ್ತಾದಾನದ್ದು. ದರ್ಜೆ ನಿರ್ಣಯಿಸುವ ಯಂತ್ರವು ತಾನಾಗಿ ಜ್ಞಾನಿಯಾದುದಲ್ಲ. ಪರೀಕ್ಷಕರು ವರ್ಷಗಟ್ಟಲೆ ಹರಳು ಹರಳನ್ನೂ ನೋಡಿ ಕೊಟ್ಟ ತೀರ್ಪುಗಳನ್ನೇ ಅದು ಪಾಠವಾಗಿ ಕಲಿತಿದೆ. ಕೂಲಿಯನ್ನು ಆಗಲೇ ಕೊಟ್ಟಾಗಿದೆಯಲ್ಲ ಎನ್ನಬಹುದು. ಆ ಕೂಲಿ ಅಂದಿನ ಹರಳಿಗೆ ಸಂದುದು. ಮುಂದೆ ಬರುವ ಸಮಸ್ತ ಹರಳುಗಳಿಗೂ ಅವರ ಕಣ್ಣನ್ನು ಬಳಸಿಕೊಂಡು, ಕೊನೆಗೆ ಅವರನ್ನೇ ಬೇಡವೆನ್ನುವುದಕ್ಕೆ ಸಂದುದಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದಕ್ಕೆ ಅಣುವ್ರತದಲ್ಲಿ ಬೇರೆ ಹೆಸರಿಲ್ಲ.

ಪೈಪೋಟಿಯಲ್ಲಿ ಹಿಂದುಳಿದರೆ ಎಲ್ಲರ ಅನ್ನವೂ ಹೋಗುವುದೆಂಬ ಆಕ್ಷೇಪ ಗಂಭೀರವಾದುದು. ಅದಕ್ಕೆ ಉತ್ತರ ಯಂತ್ರವನ್ನು ನಿರಾಕರಿಸುವುದಲ್ಲ; ಯಂತ್ರದ ಬೆಲೆಯಲ್ಲಿ ಮನುಷ್ಯನ ಬಾಧ್ಯತೆಯನ್ನೂ ಸೇರಿಸುವುದು. ಸ್ಥಾನ ಕಳೆದುಕೊಳ್ಳುವವರಿಗೆ ಮುಂಚಿತವಾಗಿ ತಿಳಿಸಬೇಕು, ಹೊಸ ಯಂತ್ರದ ಮೇಲೆ ಅವರಿಗೇ ಮೊದಲು ತರಬೇತಿ ಕೊಡಬೇಕು, ಉಳಿತಾಯದ ಒಂದು ಭಾಗವನ್ನು ಅವರ ಹೆಸರಿನಲ್ಲಿ ಇಡಬೇಕು. ಇಷ್ಟನ್ನು ಭರಿಸಲಾರದ ಯಂತ್ರವು ನಿಜವಾಗಿ ಲಾಭದಾಯಕವಲ್ಲ. ಅದರ ನಷ್ಟ ಬೇರೊಬ್ಬರ ಅಡುಗೆಮನೆಯಲ್ಲಿ ಜಮೆಯಾಗುತ್ತಿದೆ, ಅಷ್ಟೆ.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಇಲ್ಲಿ ಹೊಣೆಯುಂಟು. ಆಶ್ರಿತರ ಅನ್ನಪಾನವನ್ನು ತಡೆಯುವುದು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದು. ಕಾರ್ಖಾನೆಯಲ್ಲಿ ಆ ಅತಿಚಾರವನ್ನು ನಡೆಸಿ ಕ್ಷೇತ್ರದಲ್ಲಿ ಆಹಾರದಾನ ಮಾಡುವವನ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವುದು ಅನುಮೋದನೆಯೇ. ದಾನದ ಮೊತ್ತವನ್ನು ಕೇಳುವ ಮಂಡಳಿಯು ದಾನಿಯ ಕೆಲಸಗಾರರ ಕ್ಷೇಮವನ್ನೂ ಕೇಳಲಿ. ನಾಲ್ಕು ದಾನಗಳಲ್ಲಿ ಅಭಯದಾನವೂ ಒಂದು. ನಾಳಿನ ಊಟದ ಭಯದಿಂದ ಒಂದು ಸಂಸಾರವನ್ನು ಬಿಡಿಸುವುದು ಅದರೊಳಗೆ ಸೇರದಿದ್ದರೆ ಆ ಮಾತಿಗೆ ಅರ್ಥವೇ ಉಳಿಯದು.