ಬೋರ್ಡು ಕೊಟ್ಟರೂ ಬೀದಿ ಬಿಡದು

ಕೆ.ಎಂ. ಶಂಕರಪ್ಪನವರ ಹೆಸರು ಇವತ್ತು ಗಾಂಧಿನಗರಕ್ಕಿಂತ ಕಾನೂನು ಕಾಲೇಜುಗಳಲ್ಲೇ ಹೆಚ್ಚು ಕೇಳಿಬರುತ್ತದೆ. ಎಪ್ಪತ್ತರ ದಶಕದಲ್ಲಿ ‘ಮಾಡಿ ಮಡಿದವರು’ ಚಿತ್ರ ನಿರ್ದೇಶಿಸಿದ ಇವರು ಮುಂದೆ ಸಿನಿಮಾಟೋಗ್ರಾಫ್ ಕಾಯ್ದೆಯ ಒಂದು ಕಲಮನ್ನೇ ಕರ್ನಾಟಕ ಹೈಕೋರ್ಟಿನ ಮೆಟ್ಟಿಲು ಹತ್ತಿಸಿದರು. ಸೆನ್ಸಾರ್ ಮಂಡಳಿ ಒಪ್ಪಿದರೂ, ಅದರ ಮೇಲಿನ ನ್ಯಾಯಮಂಡಳಿ ಒಪ್ಪಿದರೂ, ಕೇಂದ್ರ ಸರ್ಕಾರ ಕಡತ ತರಿಸಿಕೊಂಡು ತನಗೆ ಬೇಕಾದಂತೆ ಆದೇಶ ಹೊರಡಿಸಬಹುದು ಎನ್ನುತ್ತಿತ್ತು ಆ ಕಲಮು. 1990ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಗಿ, ಹತ್ತು ವರ್ಷ ಕಾದು, 2000ದ ನವೆಂಬರ್‌ನಲ್ಲಿ ಅಲ್ಲೂ ಸೋತಿತು.

ಆ ಕೇಸಿನಲ್ಲಿ ಕೇಂದ್ರದ ವಾದ ಬಹಳ ಪರಿಚಿತವಾದದ್ದು: ಚಿತ್ರ ಬಿಡುಗಡೆಯಾದರೆ ಗಲಾಟೆಯಾಗಬಹುದು, ಆಗ ಮಧ್ಯೆ ಪ್ರವೇಶಿಸುವ ಅಧಿಕಾರ ಸರ್ಕಾರದ ಕೈಯಲ್ಲಿ ಇರಬೇಕು. ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ತಜ್ಞರ ಮಂಡಳಿ ಚಿತ್ರ ನೋಡಿ, ಅದರ ಪರಿಣಾಮವನ್ನೂ ತೂಗಿ ನೋಡಿ ಒಪ್ಪಿಗೆ ಕೊಟ್ಟ ಮೇಲೆ ಕಾನೂನು ಸುವ್ಯವಸ್ಥೆಯ ನೆಪ ಹೇಳುವಂತಿಲ್ಲ, ಸುವ್ಯವಸ್ಥೆ ಕಾಪಾಡುವುದು ರಾಜ್ಯ ಸರ್ಕಾರದ ಕೆಲಸ ಎಂದಿತು. ಅಂದರೆ ಕಲ್ಲು ಬೀಳುವ ಭಯವಿದ್ದರೆ ಹಿಡಿಯಬೇಕಾದದ್ದು ಕಲ್ಲು ಎಸೆಯುವ ಕೈಯನ್ನು, ನಿಲ್ಲಿಸಬೇಕಾದದ್ದು ಪ್ರೊಜೆಕ್ಟರನ್ನಲ್ಲ. ಕನ್ನಡದ ಒಬ್ಬ ನಿರ್ದೇಶಕ ಇಡೀ ದೇಶದ ಸಿನಿಮಾದವರಿಗೆ ಗೆದ್ದುಕೊಟ್ಟ ತೀರ್ಪು ಇದು.

ಆ ತೀರ್ಪಿಗೆ ಇಪ್ಪತ್ತೈದು ವರ್ಷ ತುಂಬುತ್ತಿದ್ದ ಹೊತ್ತಿಗೆ, ಅದು ಹುಟ್ಟಿದ ನೆಲದಲ್ಲೇ ಅದರ ಗತಿ ಏನಾಯಿತು ಎಂಬುದನ್ನು 2025ರ ಜೂನ್ ತೋರಿಸಿತು. ‘ಥಗ್ ಲೈಫ್’ ಚಿತ್ರದ ಸಮಾರಂಭವೊಂದರಲ್ಲಿ ಕಮಲ್ ಹಾಸನ್ ಕನ್ನಡ ತಮಿಳಿನಿಂದ ಹುಟ್ಟಿತು ಎಂದರು. ಮಾತು ತಪ್ಪು, ಎರಡೂ ಮೂಲ ದ್ರಾವಿಡದಿಂದ ಕವಲೊಡೆದ ಭಾಷೆಗಳು ಎಂಬುದು ಭಾಷಾವಿಜ್ಞಾನದ ಮೊದಲ ಪಾಠ. ಅದನ್ನು ಹೇಳಿ ತಿದ್ದುವಷ್ಟು ವಿದ್ವಾಂಸರು ಕನ್ನಡದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಉತ್ತರ ಬಂದದ್ದು ವಿದ್ವಾಂಸರಿಂದಲ್ಲ, ಥಿಯೇಟರ್ ಬಾಗಿಲಿನಿಂದ. ಕ್ಷಮೆ ಕೇಳದಿದ್ದರೆ ಬಿಡುಗಡೆ ಇಲ್ಲ ಎಂದಿತು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ. ರಕ್ಷಣೆ ಕೋರಿ ಹೈಕೋರ್ಟಿಗೆ ಹೋದವರಿಗೆ ಅಲ್ಲೂ ಕ್ಷಮೆಯ ಮಾತೇ ಕೇಳಿಬಂತು. ಕೊನೆಗೆ ಸುಪ್ರೀಂ ಕೋರ್ಟ್, ಕ್ಷಮೆ ಕೇಳಿಸುವುದು ಹೈಕೋರ್ಟಿನ ಕೆಲಸವಲ್ಲ, ಪ್ರಮಾಣಪತ್ರವಿರುವ ಚಿತ್ರ ತೆರೆ ಕಾಣಲೇಬೇಕು, ಗುಂಪುಗಳು ಬೀದಿಯನ್ನು ಆಳಲು ಬಿಡಲಾಗದು ಎಂದು ಗದರಿತು. ರಾಜ್ಯ ಸರ್ಕಾರ ಭದ್ರತೆ ಕೊಡುತ್ತೇವೆಂದು ಒಪ್ಪಿಕೊಂಡಾಗ ದಿನಾಂಕ ಜೂನ್ 19. ಬೇರೆ ರಾಜ್ಯಗಳಲ್ಲಿ ಚಿತ್ರ ತೆರೆಕಂಡದ್ದು ಜೂನ್ 5ಕ್ಕೆ. ಮೊದಲ ವಾರದ ಗಲ್ಲಾಪೆಟ್ಟಿಗೆಯನ್ನೇ ನಂಬಿಕೊಂಡ ವ್ಯಾಪಾರದಲ್ಲಿ ಎರಡು ವಾರದ ಮೇಲೆ ಸಿಗುವ ನ್ಯಾಯವನ್ನು ಇಟ್ಟುಕೊಂಡು ವಿತರಕ ಏನು ಮಾಡಬೇಕು?

ಇದೇ ಕಮಲ್ ಹಾಸನ್ 2013ರಲ್ಲಿ ‘ವಿಶ್ವರೂಪಂ’ ಚಿತ್ರಕ್ಕಾಗಿ ತಮ್ಮದೇ ತಮಿಳುನಾಡಿನಲ್ಲಿ ಅಲೆದಾಡಿದ್ದರು. ಅಲ್ಲೂ ಪ್ರಮಾಣಪತ್ರ ಇತ್ತು. ಅಲ್ಲೂ ಶಾಂತಿಭಂಗದ ನೆಪವೇ. ಕೊನೆಗೆ ಕೆಲವು ದೃಶ್ಯ, ಮಾತು ತೆಗೆಯಲು ಒಪ್ಪಿಕೊಂಡೇ ಅವರು ಚಿತ್ರವನ್ನು ಹೊರತರಬೇಕಾಯಿತು. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎನ್ನುವ ಗಾದೆಯನ್ನು ಭಾರತದ ಸಿನಿಮಾ ನಿರ್ಮಾಪಕನಷ್ಟು ಅನುಭವಿಸಿ ಬಲ್ಲವರು ಕಡಿಮೆ.

ಈ ಪೂಜಾರಿಕೆಗೆ ಪಕ್ಷಭೇದವಿಲ್ಲ. ‘ಆರಕ್ಷಣ್’ ಚಿತ್ರವನ್ನು 2011ರಲ್ಲಿ ಉತ್ತರ ಪ್ರದೇಶದಲ್ಲಿ ತಡೆದದ್ದು ಮಾಯಾವತಿಯವರ ಸರ್ಕಾರ. 2018ರಲ್ಲಿ ‘ಪದ್ಮಾವತ್’ಗೆ ಅಡ್ಡ ನಿಂತವು ರಾಜಸ್ಥಾನ, ಗುಜರಾತ್‌ನಂಥ ಬಿಜೆಪಿ ಆಡಳಿತದ ರಾಜ್ಯಗಳು. 2023ರ ಮೇ ತಿಂಗಳಲ್ಲಿ ‘ದಿ ಕೇರಳ ಸ್ಟೋರಿ’ಯನ್ನು ನಿಷೇಧಿಸಿದ್ದು ಮಮತಾ ಬ್ಯಾನರ್ಜಿ ಸರ್ಕಾರ. ಮೂರೂ ಕಡೆ ಸುಪ್ರೀಂ ಕೋರ್ಟ್ ಮಧ್ಯೆ ಬಂದು ದಾರಿ ಬಿಡಿಸಿತು. 2024ರ ಜೂನ್‌ನಲ್ಲಿ ‘ಹಮಾರೆ ಬಾರಹ್’ ಚಿತ್ರವನ್ನು ಎರಡು ವಾರ ತಡೆಹಿಡಿದದ್ದು ಕರ್ನಾಟಕದ ಕಾಂಗ್ರೆಸ್ ಸರ್ಕಾರ. ಒಂದು ಸಮುದಾಯವನ್ನು ಹಳಿಯುವ ಚಿತ್ರ ಎಂಬ ಆರೋಪ ಅದರ ಮೇಲಿತ್ತು, ಅದರ ಟೀಸರ್ ಕಂಡವರಿಗೆ ಆರೋಪ ಪೊಳ್ಳು ಎನ್ನಿಸುವ ಹಾಗೂ ಇರಲಿಲ್ಲ. ಹಾಗಿದ್ದರೂ ಆ ತಕರಾರನ್ನು ನ್ಯಾಯಾಲಯವೇ ಬಗೆಹರಿಸಿತು: ಬಾಂಬೆ ಹೈಕೋರ್ಟ್ ಚಿತ್ರವನ್ನು ನೋಡಿ, ಕೆಲವು ಬದಲಾವಣೆ ಮಾಡಿಸಿ ಬಿಟ್ಟಿತು. ಇಷ್ಟವಿಲ್ಲದ ಚಿತ್ರದ ವಿಷಯದಲ್ಲೂ ಸರಿಯಾದ ದಾರಿ ಇದೇ. ಸಚಿವಾಲಯದ ಒಂದು ಆದೇಶದಿಂದ ಇವತ್ತು ನಮಗಾಗದ ಚಿತ್ರ ನಿಂತರೆ, ಸರ್ಕಾರ ಬದಲಾದ ಮರುವರ್ಷ ನಮಗೆ ಬೇಕಾದ ಚಿತ್ರ ನಿಲ್ಲುತ್ತದೆ.

ಹಾಗೆಂದು ಅಭಿವ್ಯಕ್ತಿಗೆ ಎಲ್ಲೆಯೇ ಇಲ್ಲವೆಂದಲ್ಲ. ಸಂವಿಧಾನದ 19ನೇ ವಿಧಿ ಸ್ವಾತಂತ್ರ್ಯ ಕೊಟ್ಟ ಕೈಯಲ್ಲೇ ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಮುಂತಾದ ಗೆರೆಗಳನ್ನೂ ಎಳೆದಿದೆ. ಪ್ರಶ್ನೆ ಇರುವುದು ಗೆರೆ ದಾಟಿತೆಂದು ಹೇಳುವುದು ಯಾರು, ಯಾವ ಅಳತೆಗೋಲಿನಿಂದ ಎಂಬುದರಲ್ಲಿ. ಈ ಅಳತೆಗೋಲನ್ನು ಸ್ಪಷ್ಟವಾಗಿ ಕೊಟ್ಟವರೂ ಕರ್ನಾಟಕ ಹೈಕೋರ್ಟಿನಲ್ಲಿದ್ದು ಮುಂದೆ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿಯೇ: ಕೆ. ಜಗನ್ನಾಥ ಶೆಟ್ಟಿ. ಮೀಸಲಾತಿ ನೀತಿಯನ್ನು ಟೀಕಿಸಿದ ‘ಒರೇ ಒರು ಗ್ರಾಮತ್ತಿಲೇ’ ಎಂಬ ತಮಿಳು ಚಿತ್ರದ ಪ್ರಮಾಣಪತ್ರವನ್ನು ಮದ್ರಾಸ್ ಹೈಕೋರ್ಟ್ ರದ್ದುಮಾಡಿತ್ತು. 1989ರಲ್ಲಿ ಶೆಟ್ಟರ ತೀರ್ಪು ಅದನ್ನು ಮರಳಿಸಿತು. ಅಪಾಯ ದೂರದ ಊಹೆಯಾಗಿದ್ದರೆ ಸಾಲದು, ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಷ್ಟು ನೇರವಾಗಿ, ತಕ್ಷಣವೇ ಇರಬೇಕು ಎಂಬುದು ಅದರ ಸಾರ. ಪ್ರತಿಭಟನೆಯ ಬೆದರಿಕೆಗೆ ಬಗ್ಗಿ ಮಾತನ್ನು ಅದುಮಿದರೆ ಕಾನೂನಿನ ಆಳ್ವಿಕೆಯನ್ನೇ ಬಿಟ್ಟುಕೊಟ್ಟಂತೆ ಎಂದೂ ಆ ತೀರ್ಪು ಹೇಳಿತು. ಮೀಸಲಾತಿಯನ್ನು ಬೆಂಬಲಿಸುವವರೂ ಈ ತೀರ್ಪನ್ನು ಒಪ್ಪಬಹುದು. ಅದರ ದೊಡ್ಡತನ ಇರುವುದೇ ಅಲ್ಲಿ.

ಕನ್ನಡದ ಹೊಸ ಅಲೆಯ ಸಿನಿಮಾ ಹುಟ್ಟಿದ್ದೇ ನಿಷೇಧದ ತೊಟ್ಟಿಲಲ್ಲಿ. ಯು.ಆರ್. ಅನಂತಮೂರ್ತಿಯವರ ಕಾದಂಬರಿಯಿಂದ ಪಟ್ಟಾಭಿರಾಮ ರೆಡ್ಡಿ ಮಾಡಿದ ‘ಸಂಸ್ಕಾರ’ಕ್ಕೆ ಮೊದಲು ಮದ್ರಾಸಿನ ಸೆನ್ಸಾರಿನವರು ತಡೆಯೊಡ್ಡಿದರು. ಜಾತಿಯ ಬಗ್ಗೆ ಇಷ್ಟು ಖಾರವಾಗಿ ಮಾತಾಡಿದರೆ ಜನ ರೊಚ್ಚಿಗೇಳುತ್ತಾರೆ ಎಂಬ ಅಂಜಿಕೆ. ಆಮೇಲೆ ಕೇಂದ್ರದ ವಾರ್ತಾ ಸಚಿವಾಲಯ ತಡೆ ತೆರವು ಮಾಡಿತು, ಚಿತ್ರ 1970ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಯಾರೂ ರೊಚ್ಚಿಗೇಳಲಿಲ್ಲ. ಇಲ್ಲೊಂದು ವಕ್ರವೂ ಇದೆ: ಮಂಡಳಿಯ ಮಾತಿನ ಮೇಲೆ ಮಾತಾಡುವ ಕೇಂದ್ರದ ಅಧಿಕಾರವೇ ‘ಸಂಸ್ಕಾರ’ವನ್ನು ಬದುಕಿಸಿತ್ತು, ಶಂಕರಪ್ಪನವರು ಬೀಳಿಸಿದ್ದೂ ಅಂಥ ಅಧಿಕಾರವನ್ನೇ. ಆದರೆ ಕೇಂದ್ರದಲ್ಲಿ ಯಾವಾಗಲೂ ಉದಾರಿಗಳೇ ಕೂತಿರುತ್ತಾರೆಂಬ ಭರವಸೆ ಎಲ್ಲಿದೆ? ಐದೇ ವರ್ಷದಲ್ಲಿ ತುರ್ತುಪರಿಸ್ಥಿತಿ ಬಂತು. ‘ಕಿಸ್ಸಾ ಕುರ್ಸಿ ಕಾ’ ಚಿತ್ರದ ಪ್ರಿಂಟುಗಳನ್ನೇ ನಾಶಮಾಡಲಾಯಿತು. ‘ಸಂಸ್ಕಾರ’ದ ಚಂದ್ರಿ, ಸ್ನೇಹಲತಾ ರೆಡ್ಡಿ, ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನದಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಅದೇ 1970ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕೆ.ಎ. ಅಬ್ಬಾಸ್ ನಿಂತಿದ್ದರು. ಅವರ ಕಿರುಚಿತ್ರ ‘ಎ ಟೇಲ್ ಆಫ್ ಫೋರ್ ಸಿಟೀಸ್’ ಮುಂಬಯಿಯ ವೇಶ್ಯಾವಾಟಿಕೆಯನ್ನು ತೋರಿಸಿತ್ತು, ಸೆನ್ಸಾರಿನವರು ತಗಾದೆ ತೆಗೆದಿದ್ದರು. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ, ಸಿನಿಮಾ ಬೇರೆ ಕಲೆಗಳಿಗಿಂತ ಹೆಚ್ಚು ಮನಸ್ಸನ್ನು ಕಲಕುತ್ತದೆ, ಆದ್ದರಿಂದ ಮುಂಚಿತವಾಗಿ ಪರೀಕ್ಷಿಸುವುದು ತಪ್ಪಲ್ಲ ಎಂದಿತು. ಅಬ್ಬಾಸ್ ಸೋತರು. ಆದರೆ ಮಂಡಳಿಯ ಮೇಲಿನ ಮನವಿಯನ್ನು ಸರ್ಕಾರವಲ್ಲ, ನ್ಯಾಯಾಲಯದಂಥ ಸಂಸ್ಥೆ ಕೇಳಬೇಕು ಎಂಬ ಮಾತು ಬಂದದ್ದು ಆ ಕೇಸಿನಿಂದಲೇ. ಅದು ಫಲಿಸಿ ಎಂಬತ್ತರ ದಶಕದಲ್ಲಿ ಚಲನಚಿತ್ರ ಪ್ರಮಾಣೀಕರಣ ಮೇಲ್ಮನವಿ ನ್ಯಾಯಮಂಡಳಿ ಬಂತು. ಅದನ್ನು 2021ರ ಏಪ್ರಿಲ್‌ನಲ್ಲಿ ಒಂದು ಸುಗ್ರೀವಾಜ್ಞೆಯಿಂದ ಮುಚ್ಚಿದರು. ಈಗ ಮಂಡಳಿಯ ಕತ್ತರಿ ಒಪ್ಪಿಗೆಯಾಗದವರು ನೇರವಾಗಿ ಹೈಕೋರ್ಟಿಗೇ ಹೋಗಬೇಕು. ದೊಡ್ಡ ಬ್ಯಾನರಿಗೆ ವಕೀಲರ ಫೀಸು ಒಂದು ಹಾಡಿನ ಖರ್ಚು. ಸಾಲ ಮಾಡಿ ಮೊದಲ ಚಿತ್ರ ಮಾಡಿದ ಹುಡುಗನಿಗೆ ಅದು ಮನೆ ಅಡವಿಡುವ ಮಾತು.

ಹಾಗೆ ಹೈಕೋರ್ಟಿಗೆ ಹೋದವರ ಪಾಡು ಹೇಗಿರುತ್ತದೆ ಎಂಬುದಕ್ಕೆ 2025ರ ಮಲಯಾಳಂ ಚಿತ್ರ ‘ಜಾನಕಿ ವರ್ಸಸ್ ಸ್ಟೇಟ್ ಆಫ್ ಕೇರಳ’ ನೋಡಬಹುದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ ನ್ಯಾಯ ಕೇಳುವ ಹೆಣ್ಣಿನ ಹೆಸರು ಜಾನಕಿ. ಅದು ಸೀತೆಯ ಹೆಸರು, ಇಡಬಾರದು ಎಂದಿತು ಮಂಡಳಿ. ಚಿತ್ರದ ನಾಯಕ ಸುರೇಶ್ ಗೋಪಿ ಸ್ವತಃ ಕೇಂದ್ರದ ಸಚಿವರು, ಅದರಿಂದಲೂ ಪ್ರಯೋಜನವಾಗಲಿಲ್ಲ. ಕೇರಳ ಹೈಕೋರ್ಟಿನ ನ್ಯಾಯಮೂರ್ತಿಗಳೇ ಸ್ಟುಡಿಯೋಗೆ ಹೋಗಿ ಚಿತ್ರ ನೋಡಿದರು. ಮೊದಲು 96 ಕಡೆ ಕತ್ತರಿ ಹಾಕಬೇಕೆಂದಿದ್ದ ಮಂಡಳಿ ನ್ಯಾಯಾಲಯದಲ್ಲಿ ಎರಡೇ ಬೇಡಿಕೆಗೆ ಇಳಿಯಿತು: ಶೀರ್ಷಿಕೆಯಲ್ಲಿ ಜಾನಕಿಯ ಮುಂದೆ ‘ವಿ’ ಎಂಬ ಇನಿಷಿಯಲ್ ಸೇರಿಸಿ, ಪಾಟೀಸವಾಲಿನ ದೃಶ್ಯದಲ್ಲಿ ಹೆಸರನ್ನು ಮ್ಯೂಟ್ ಮಾಡಿ. ಸಾಕ್ಷಿಕಟ್ಟೆಯಲ್ಲಿ ನಿಂತ ಹೆಣ್ಣನ್ನು ವಕೀಲ ಹೆಸರು ಹಿಡಿದು ಕರೆಯುವಾಗ ತುಟಿ ಆಡುತ್ತದೆ, ಸದ್ದಿಲ್ಲ. 96ರಿಂದ 2ಕ್ಕೆ ಇಳಿಯಬಹುದಾದರೆ ಉಳಿದ 94 ಯಾವ ಕಾನೂನಿನ ಮೇಲೆ ನಿಂತಿದ್ದವು ಎಂದು ಕೇಳಬೇಕಾದದ್ದು ನ್ಯಾಯ. ಬಿಡುಗಡೆಯ ಧಾವಂತದಲ್ಲಿದ್ದ ನಿರ್ಮಾಪಕರು ಎರಡಕ್ಕೂ ಒಪ್ಪಿದರು.

ಒಪ್ಪುವುದು ಈಗ ಅಭ್ಯಾಸವೇ ಆಗಿದೆ. ಅದೇ ವರ್ಷ ‘ಎಂಪುರಾನ್’ ಬಿಡುಗಡೆಯಾದ ಮೇಲೆ ಗದ್ದಲವೆದ್ದಾಗ ನಿರ್ಮಾಪಕರೇ ಮಂಡಳಿಯ ಮುಂದೆ ಹೋಗಿ ದೃಶ್ಯ ತೆಗೆಸಿಕೊಂಡು, ಖಳನ ಹೆಸರನ್ನೂ ಬದಲಿಸಿಕೊಂಡು ಬಂದರು. ಯಾವ ನ್ಯಾಯಾಲಯವೂ ಹೇಳಿರಲಿಲ್ಲ.

ಶಂಕರಪ್ಪ ತೀರ್ಪನ್ನು ಹಿಂಬಾಗಿಲಿನಿಂದ ದಾಟುವ ಯತ್ನವೂ ನಡೆದಿದೆ. 2021ರ ಕರಡು ತಿದ್ದುಪಡಿಯಲ್ಲಿ, ಪ್ರಮಾಣಪತ್ರ ಪಡೆದ ಚಿತ್ರವನ್ನು ಮತ್ತೆ ಪರಿಶೀಲಿಸುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರ ವಾಪಸ್ ಕೇಳಿತ್ತು. ಸಿನಿಮಾದವರು ಪ್ರತಿಭಟಿಸಿದರು. 2023ರಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ ಆ ಅಂಶ ಇರಲಿಲ್ಲ. ಬದಲಿಗೆ ಪ್ರೇಕ್ಷಕರ ವಯಸ್ಸಿಗೆ ತಕ್ಕಂತೆ 7, 13, 16 ಎಂದು ವಿಂಗಡಿಸುವ ಹೊಸ ಯು/ಎ ದರ್ಜೆಗಳು ಬಂದವು. ಒಗ್ಗಟ್ಟಾಗಿ ನಿಂತರೆ ದೆಹಲಿಯೂ ಹಿಂದೆ ಸರಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಆ ಒಗ್ಗಟ್ಟು ಬೆಂಗಳೂರಿನಲ್ಲಿ ಕಾಣುತ್ತಿಲ್ಲ. ವಾಣಿಜ್ಯ ಮಂಡಳಿ ಚಿತ್ರಗಳನ್ನು ಕಾಯಬೇಕಾದ ಸಂಸ್ಥೆ. 2018ರಲ್ಲಿ ಕಾವೇರಿಯ ಹೆಸರಿನಲ್ಲಿ ‘ಕಾಲಾ’, 2025ರಲ್ಲಿ ಭಾಷೆಯ ಹೆಸರಿನಲ್ಲಿ ‘ಥಗ್ ಲೈಫ್’ ಬಂದಾಗ ಅದೇ ಬಾಗಿಲಲ್ಲಿ ಅಡ್ಡ ನಿಂತಿತು. ಇದೇ ನ್ಯಾಯವನ್ನು ನಾಳೆ ಚೆನ್ನೈಯಲ್ಲೋ ಮುಂಬಯಿಯಲ್ಲೋ ಕನ್ನಡ ಚಿತ್ರಕ್ಕೆ ಅನ್ವಯಿಸಿದರೆ ಮಂಡಳಿ ಯಾವ ಬಾಯಿಯಿಂದ ಪ್ರಶ್ನಿಸುತ್ತದೆ? ದೇಶದ ಎಲ್ಲ ಭಾಷೆಗಳಲ್ಲಿ ಓಡುವಷ್ಟು ಕನ್ನಡ ಸಿನಿಮಾ ಬೆಳೆದಿರುವ ಈ ಕಾಲದಲ್ಲಿ ಇದು ಬರೀ ತತ್ವದ ಮಾತಲ್ಲ, ವ್ಯಾಪಾರದ ಮಾತೂ ಹೌದು.

ಕೇಳಬೇಕಾದದ್ದು ಎರಡೇ. ಪ್ರಮಾಣಪತ್ರವಿರುವ ಚಿತ್ರಕ್ಕೆ ಬೆದರಿಕೆ ಬಂದ ದಿನವೇ ರಾಜ್ಯದ ಗೃಹ ಇಲಾಖೆ, ನ್ಯಾಯಾಲಯ ಗದರುವ ತನಕ ಕಾಯದೆ, ಥಿಯೇಟರಿನ ಮುಂದೆ ಪೊಲೀಸರನ್ನು ನಿಲ್ಲಿಸಲಿ. ಮುಚ್ಚಿದ ಮೇಲ್ಮನವಿ ನ್ಯಾಯಮಂಡಳಿಯನ್ನು ಮತ್ತೆ ತೆರೆಯಿರೆಂದು ವಾಣಿಜ್ಯ ಮಂಡಳಿ ಕೇಂದ್ರಕ್ಕೆ ಮನವಿ ಸಲ್ಲಿಸಲಿ, ಆ ಮನವಿಯ ಮೊದಲ ಸಾಲಿನಲ್ಲಿ ಕೆ.ಎಂ. ಶಂಕರಪ್ಪನವರ ಕೇಸನ್ನು ಬರೆಯಲಿ.