ಗಣಕಯಂತ್ರದ ಪಂಚಾಂಗ

ಗೋಕಾಕ ಸೀಮೆಯ ಧುಪದಾಳದಲ್ಲಿ ಘಟಪ್ರಭಾ ನದಿಗೆ ಅಡ್ಡಲಾಗಿ ಒಂದು ಹಳೆಯ ಒಡ್ಡು ಉಂಟು. ಅಲ್ಲಿಂದ ಹೊರಡುವ ಎಡದಂಡೆಯ ಕಾಲುವೆ 1897ರದು. ಈ ಇಸವಿಯನ್ನು ಯಾರಾದರೂ ‘97’ ಎಂದಷ್ಟೇ ಬರೆದಿಟ್ಟರೆ ಊರಿನ ಹಿರಿಯರು ಸರಿಯಾಗಿಯೇ ತಿಳಿದುಕೊಂಡಾರು. ಗಣಕಯಂತ್ರಕ್ಕೆ ಆ ವಿವೇಕವೆಲ್ಲಿಯದು? ಅದು 1997 ಎಂದು ಬಗೆದು ಕಾಲುವೆಯ ಆಯುಷ್ಯದಲ್ಲಿ ನೂರು ವರ್ಷಗಳನ್ನು ನುಂಗಿಬಿಟ್ಟೀತು.

ಹೀಗೆ ನಡೆದದ್ದೂ ಉಂಟು. ಯಂತ್ರದ ಸ್ಮೃತಿಕೋಶವು ಬಹು ದುಬಾರಿಯಾಗಿದ್ದ ಕಾಲದಲ್ಲಿ ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಉಳಿಸುವ ರೂಢಿ ಬೆಳೆಯಿತು. 1992ರಲ್ಲಿ ಅಮೆರಿಕದ 104 ವರ್ಷದ ವೃದ್ಧೆಯೊಬ್ಬರಿಗೆ ಶಿಶುವಿಹಾರಕ್ಕೆ ಸೇರಲು ಕರೆ ಬಂದಿತು! 2000ನೆಯ ಇಸವಿ ಸಮೀಪಿಸಿದಾಗ ಜಗತ್ತೆಲ್ಲ ಈ ಭಯದಿಂದ ಎಚ್ಚೆತ್ತಿತು. ಬೆಂಗಳೂರಿನ ಇನ್ಫೋಸಿಸ್, ವಿಪ್ರೊ ಮೊದಲಾದ ಸಂಸ್ಥೆಗಳ ತಂತ್ರಜ್ಞರು ಪರದೇಶದ ಹಳೆಯ ಲೆಕ್ಕಪತ್ರಗಳ ಕ್ರಮವಿಧಿಗಳನ್ನು ಸಾಲುಸಾಲಾಗಿ ತಿದ್ದಿದರು. ದೊಡ್ಡ ಅನಾಹುತವಾಗಲಿಲ್ಲ. ಆಗ ಕೆಲವರು, ಭಯವೇ ಸುಳ್ಳೆಂದರು. ಹೆಂಚು ಸರಿಪಡಿಸಿದ್ದರಿಂದ ಮನೆ ಸೋರಲಿಲ್ಲವೆನ್ನದೆ, ಮಳೆಯೇ ಬರಲಿಲ್ಲವೆಂದಂತಾಯಿತು.

ಇನ್ನೊಂದು ಗಡುವು ಮುಂದಿದೆ. ಯಂತ್ರದ ಎಲ್ಲ ಕೆಲಸಗಳಿಗೂ ಮೇಸ್ತ್ರಿಯಂತಿರುವ ಆಪರೇಟಿಂಗ್ ಸಿಸ್ಟಂಗಳಲ್ಲಿ ಯುನಿಕ್ಸ್ ವಂಶದವು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತವೆ. ಹಳೆಯ 32 ಬಿಟ್ ಪದ್ಧತಿಯಲ್ಲಿ ಈ ಎಣಿಕೆಗೆ 2,14,74,83,647 ಕೊನೆಯ ಮಿತಿ. ನಮ್ಮ ದೇಶದ ವೇಳೆಯಂತೆ 2038ರ ಜನವರಿ 19, ಮಂಗಳವಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅದು ತುಂಬುತ್ತದೆ. ಮರುಕ್ಷಣವೇ ಯಂತ್ರವು 1901ರ ಡಿಸೆಂಬರಿಗೆ ಜಾರಬಹುದು. ಧುಪದಾಳದ 1897 ಅದಕ್ಕೂ ಹಿಂದಿನದು. ಈ ಪಂಚಾಂಗದಲ್ಲಿ ಅದಕ್ಕೆ ಸ್ಥಳವೇ ಇಲ್ಲ!

ಹೊಸ ಯಂತ್ರಗಳು ಹೆಚ್ಚಾಗಿ 64 ಬಿಟ್ ಎಣಿಕೆಯವು. 32 ಬಿಟ್ ಯಂತ್ರಗಳಿಗೂ 2020ರಲ್ಲಿ ಬಂದ ಲಿನಕ್ಸ್ 5.6 ದಾರಿ ತೋರಿಸಿತು. ಆದರೆ ಮೇಸ್ತ್ರಿ ಜಾಣನಾದ ಮಾತ್ರಕ್ಕೆ ಆಳುಗಳೆಲ್ಲ ಜಾಣರೆನ್ನುವಂತಿಲ್ಲ. 2020ರಲ್ಲಿ ಪಡೆದ 20 ವರ್ಷಗಳ ಗೃಹಸಾಲದ ಕೊನೆಯ ಕಂತು 2040ಕ್ಕೆ ಬೀಳುತ್ತದೆ. ಅದನ್ನು ಲೆಕ್ಕ ಹಾಕುವ ಕ್ರಮವಿಧಿ ಹಳೆಯದಾಗಿದ್ದರೆ ತೊಂದರೆ ಇಂದೇ ತಲೆದೋರಬಹುದು.

ಪರೀಕ್ಷೆಯ ವಿಧಾನ ಕಠಿಣವಲ್ಲ. ನಿತ್ಯದ ಕೆಲಸದ ಯಂತ್ರವನ್ನು ಮುಟ್ಟಬಾರದು; ಬೇರೊಂದು ಯಂತ್ರದಲ್ಲಿ ಲೆಕ್ಕಪತ್ರಗಳ ಪ್ರತಿಯನ್ನಿಟ್ಟುಕೊಳ್ಳಬೇಕು. ಇಂಟರ್‌ನೆಟ್ ಸಂಪರ್ಕವನ್ನು ಕಡಿಯದಿದ್ದರೆ ಗಡಿಯಾರ ತಾನಾಗಿಯೇ ಇಂದಿನ ವೇಳೆಗೆ ಮರಳೀತು. ಬಳಿಕ ತಾರೀಖನ್ನು ಗಡುವಿಗೆ ಕೆಲವು ನಿಮಿಷ ಮುಂಚೆ ಇಟ್ಟು, ದಾಟುವುದನ್ನು ನೋಡಬೇಕು. ಮತ್ತೊಮ್ಮೆ ಯಂತ್ರವನ್ನು ಆರಿಸಿಟ್ಟು, ಗಡುವು ಕಳೆದ ಮೇಲೆ ಹಚ್ಚಿ ನೋಡಬೇಕು. 2028ಕ್ಕೆ ಫೆಬ್ರವರಿ 29 ಬರಬೇಕು, 2100ಕ್ಕೆ ಬರಕೂಡದು. ಕೊನೆಗೆ ವಯಸ್ಸು, ಬಡ್ಡಿ, ಕಂತುಗಳ ಲೆಕ್ಕವನ್ನು ಕೈಯಿಂದಲೂ ಹಾಕಿ ತಾಳೆ ನೋಡತಕ್ಕದ್ದು.

ಒಡ್ಡಿನ ಬಲ ತಿಳಿಯುವುದು ಹೊಳೆ ತುಂಬಿದಾಗ; ಬಿರುಕನ್ನು ಹುಡುಕತಕ್ಕ ಕಾಲ ಮಾತ್ರ ಬೇಸಿಗೆ.